ವಿಟೆನ್‌ಬರ್ಗ್‌ಗೆ ಹೋದರೆ ಬಾಗಿಲ ಮುಂದೆ ಜಾಸ್ತಿ ಹೊತ್ತು ನಿಲ್ಲಬೇಡಿ

ಬರ್ಲಿನ್‌ಗೆ ಹೋಗುವವರು ಒಂದು ದಿನವನ್ನು ವಿಟೆನ್‌ಬರ್ಗ್‌ಗೆ ಎತ್ತಿಡಿ. ಕ್ರೈಸ್ತರಲ್ಲಿ ಪ್ರೊಟೆಸ್ಟೆಂಟ್ ಪಂಥಕ್ಕೆ ನಾಂದಿ ಹಾಡಿದ ಮಾರ್ಟಿನ್ ಲೂಥರ್‌ನ ಊರು ಇದು. ವೇಗದ ಐಸಿಇ ರೈಲಿನಲ್ಲಿ ಮುಕ್ಕಾಲು ಗಂಟೆ ಸಾಕು. ಟಿಕೆಟ್ ಮೇಲೆ 'ಲೂಥರ್‌ಸ್ಟಾಟ್ ವಿಟೆನ್‌ಬರ್ಗ್' ಅಂತ ಇದೆಯಾ ನೋಡಿಕೊಳ್ಳಿ. ಹ್ಯಾಂಬರ್ಗ್ ದಾರಿಯಲ್ಲಿ ವಿಟೆನ್‌ಬೆರ್ಗೆ ಅನ್ನೋ ಬೇರೆ ಊರೇ ಇದೆ!

ಹಳೇ ಊರು ಅಂದರೆ ಹೆಚ್ಚುಕಡಿಮೆ ಒಂದೇ ಉದ್ದನೆಯ ಬೀದಿ. ಸ್ಟೇಷನ್ ಕಡೆಯಿಂದ ನಡೆದು ಬಂದರೆ ಮೊದಲು ಲೂಥರ್ ಮನೆ, ಆಮೇಲೆ ಅವನ ಜೊತೆಗಾರ ಮೆಲಾಂಕ್ಟನ್ ಮನೆ, ಮಾರುಕಟ್ಟೆ ಚೌಕ, ಕೊನೆಗೆ ಕೋಟೆ ಚರ್ಚ್. ಕಲ್ಲು ಹಾಸಿದ ನೆಲ, ಹೀಲ್ಸ್ ಬೇಡ. ಲೂಥರ್ ಮನೆಯಲ್ಲಿ ದುರಸ್ತಿ ನಡೆಯುತ್ತಿರುತ್ತದೆ, ತೆರೆದಿದೆಯಾ ಅಂತ ಮೊದಲೇ ವಿಚಾರಿಸಿ.

ಎಲ್ಲರೂ ಕೋಟೆ ಚರ್ಚಿನ ಬಾಗಿಲಿಗೇ ಓಡುತ್ತಾರೆ. 1517ರ ಅಕ್ಟೋಬರ್ 31ರಂದು ಲೂಥರ್ ತನ್ನ 95 ವಾದಗಳನ್ನು ಮೊಳೆ ಹೊಡೆದು ಅಂಟಿಸಿದ ಅಂತ ಕಥೆ. ನಿಜವಾಗಿ ಹೊಡೆದನೋ ಇಲ್ಲವೋ ಅಂತ ವಿದ್ವಾಂಸರು ಇನ್ನೂ ಜಗಳಾಡುತ್ತಾರೆ. ಹಣ ಕೊಟ್ಟರೆ ಪಾಪದ ಶಿಕ್ಷೆ ಮಾಫಿ ಅನ್ನುವ ಚೀಟಿಗಳ ವ್ಯಾಪಾರದ ವಿರುದ್ಧ ಅದೇ ದಿನ ಆರ್ಚ್‌ಬಿಷಪ್‌ಗೆ ಪತ್ರ ಬರೆದದ್ದಂತೂ ಖಚಿತ. ಆಗಿನ ಮರದ ಬಾಗಿಲು 1760ರ ಯುದ್ಧದಲ್ಲಿ ಸುಟ್ಟುಹೋಯಿತು. ಈಗಿರುವ ಕಂಚಿನ ಬಾಗಿಲು 1858ರದ್ದು. ಒಂದು ಫೋಟೋ ತೆಗೆದು, ಒಳಗಿರುವ ಲೂಥರ್ ಮತ್ತು ಮೆಲಾಂಕ್ಟನ್ ಸಮಾಧಿಗಳನ್ನು ನೋಡಿ ಹೊರಡಿ.

ಉಳಿಸಿದ ಸಮಯವನ್ನು ಚೌಕದ ಪಕ್ಕದ ಊರ ಚರ್ಚಿಗೆ, ಅಂದರೆ ಸ್ಟಾಟ್‌ಕಿರ್ಶೆಗೆ ಕೊಡಿ. ಲೂಥರ್ ನಿಯಮಿತವಾಗಿ ಬೋಧನೆ ಮಾಡುತ್ತಿದ್ದದ್ದು ಇಲ್ಲೇ. ಅಲ್ಲಿ 1547ರಲ್ಲಿ ಇಟ್ಟ, ಚಿತ್ರಕಾರ ಕ್ರಾನಾಕ್‌ನ ವರ್ಣಚಿತ್ರಗಳಿರುವ ಬಲಿಪೀಠವಿದೆ. ನಡುವಿನ ಚಿತ್ರದಲ್ಲಿ ಯೇಸುವಿನ ಕೊನೆಯ ಊಟ. ದುಂಡು ಮೇಜಿನ ಸುತ್ತ ಶಿಷ್ಯರು, ಅವರ ನಡುವೆ ಗಡ್ಡ ಬಿಟ್ಟ ಲೂಥರ್ ಬಟ್ಟಲು ತಗೊಳ್ಳುತ್ತಿದ್ದಾನೆ! ಎಡಗಡೆ ಮೆಲಾಂಕ್ಟನ್ ಮಗುವಿಗೆ ದೀಕ್ಷಾಸ್ನಾನ ಮಾಡಿಸುತ್ತಿದ್ದಾನೆ. ಆತ ಪಾದ್ರಿಯೇ ಅಲ್ಲ, 21ನೇ ವಯಸ್ಸಿಗೆ ಗ್ರೀಕ್ ಕಲಿಸಲು ಬಂದ ಮೇಷ್ಟ್ರು. ಹಳೇ ಗ್ರೀಕ್ ಗ್ರಂಥಗಳನ್ನು ಮೂಲದಲ್ಲೇ ಓದಬೇಕು ಅನ್ನುವ ಆ ಕಾಲದ ಹುಚ್ಚು ಇಲ್ಲದಿದ್ದರೆ ಲೂಥರನ ಬೈಬಲ್ ಅನುವಾದವೂ ಆಗುತ್ತಿರಲಿಲ್ಲ. ಅದೇ ಚರ್ಚಿನ ಹೊರಗೋಡೆಯ ಮೇಲೆ ಯಹೂದಿಗಳನ್ನು ಅವಮಾನಿಸುವ ಹಂದಿಯ ಕೆತ್ತನೆಯಿದೆ. ಕೆಳಗೆ ನೆಲದಲ್ಲಿ 1988ರ ಸ್ಮಾರಕ ಫಲಕ. ಎರಡನ್ನೂ ನೋಡದೆ ಬರಬೇಡಿ, ಯಹೂದಿಗಳ ಬಗ್ಗೆ ಲೂಥರ್ ಬರೆದದ್ದೂ ಅಷ್ಟೇ ಕೆಟ್ಟದು.

ಚೌಕದಲ್ಲೇ ಕ್ರಾನಾಕ್‌ನ ಮನೆ. ಚಿತ್ರಕಾರ, ಔಷಧಿ ಅಂಗಡಿ ಮಾಲೀಕ, ಊರಿನ ಮೇಯರ್, ಎಲ್ಲ ಅವನೇ. 1522ರ ಸೆಪ್ಟೆಂಬರಿನಲ್ಲಿ ಲೂಥರ್ ಜರ್ಮನ್‌ಗೆ ಅನುವಾದಿಸಿದ ಬೈಬಲ್‌ನ ಹೊಸ ಒಡಂಬಡಿಕೆ ಬಂದಾಗ ಬಂಡವಾಳ ಹಾಕಿದವರಲ್ಲಿ ಅವನೂ ಒಬ್ಬ. ಡಿಸೆಂಬರಿಗೇ ಎರಡನೇ ಮುದ್ರಣ ಬೇಕಾಯಿತು. ಅಚ್ಚುಯಂತ್ರ ಹಿಡಿದ ಈ ಚಾಳಿಯೇ ಮುಂದೆ ಬಾಸೆಲ್ ಮಿಷನ್ನಿನ ಜರ್ಮನ್ ಪಾದ್ರಿ ಮೊಗ್ಲಿಂಗ್ ಜೊತೆ ಮಂಗಳೂರಿಗೂ ಬಂತು, ಅಲ್ವಾ?

ಭಾನುವಾರ ಬೆಳಿಗ್ಗೆ ಪ್ರಾರ್ಥನೆ ಇರುತ್ತದೆ, ಸುತ್ತಾಡಲು ಬಿಡುವುದಿಲ್ಲ. ಅಕ್ಟೋಬರ್ 31 ಅಲ್ಲಿ ಸರ್ಕಾರಿ ರಜೆ, ಜನಜಾತ್ರೆ. ಸಸ್ಯಾಹಾರಿಗಳಿಗೆ ಡೋನರ್ ಅಂಗಡಿಯ ಫಲಾಫೆಲ್ (ಕಡಲೆಕಾಳಿನ ವಡೆ) ಗಟ್ಟಿ. ಇನ್ನೊಂದು ದಿನವಿದ್ದರೆ ಐಸೆನಾಕ್‌ಗೆ ಹೋಗಿ, ವಾರ್ಟ್‌ಬರ್ಗ್ ಕೋಟೆಯಲ್ಲಿ ಲೂಥರ್ ಅಡಗಿ ಕೂತು ಅನುವಾದ ಮಾಡಿದ ಕೋಣೆ ನೋಡಿ. ಸೈತಾನನ ಮೇಲೆ ಎಸೆದ ಅಂತ ಕಥೆಯಿರುವ ಶಾಯಿಯ ಕಲೆ ಮಾತ್ರ ಹುಡುಕಬೇಡಿ, ಅದು ಈಗ ಅಲ್ಲಿಲ್ಲ.