ತೀರ್ಥಹಳ್ಳಿಯ ಹೋಟೆಲಿನ ಗಾಳಿ ಕೆಲಸ: ಮಳೆಗಾಲದ ಟಿಪ್ಪಣಿ

ಜೂನ್ ಕೊನೆಯ ವಾರ

ಹಂಚಿನ ಮಾಡು ತೆಗೆಸಿ ಆರ್‌ಸಿಸಿ ಹಾಕಿಸಿದ ಮೇಲೆ ಸೋದರಮಾವನ ಹೋಟೆಲಿನಲ್ಲಿ ಒಗ್ಗರಣೆಯ ಘಾಟು ಊಟದ ಹಾಲಿಗೆ ಬರತೊಡಗಿದೆ, ಕೈ ತೊಳೆಯುವಲ್ಲಿನ ಮೋರಿ ವಾಸನೆ ಬೀರುತ್ತಿದೆ, ಮುಂದಿನ ಗಾಜಿನ ಬಾಗಿಲನ್ನು ಗಿರಾಕಿಗಳು ಜಗ್ಗಿ ಎಳೆಯಬೇಕಾಗಿದೆ. “ಇನ್ನೂ ದೊಡ್ಡ ಫ್ಯಾನ್ ಹಾಕ್ಸಿದ್ರೆ ಆಯ್ತಲ ಮಾರಾಯ” ಎಂಬುದು ಮಾವನ ಅಭಿಪ್ರಾಯ. ನನ್ನ ಅನುಮಾನ ಬೇರೆ. ಹಂಚಿನ ಸಂದುಗಳಿಂದ ಸದಾ ಬರುತ್ತಿದ್ದ ಗಾಳಿ ಈಗ ನಿಂತಿದೆ. ಒಳಬರುವ ಗಾಳಿಯೇ ಸಾಲದಾದಾಗ ಎಕ್ಸಾಸ್ಟ್ ಫ್ಯಾನ್ ಎಷ್ಟು ತಿರುಗಿದರೂ ಹೊರಹಾಕುವುದು ಕಡಿಮೆಯಾಗಿ, ಒಲೆಯ ಮೇಲಿನ ಹುಡ್‌ನಿಂದ ಹೊಗೆ ಹೊರಚೆಲ್ಲುತ್ತದೆ.

ಜುಲೈ

ಅಳೆಯದೆ ಗೋಡೆ ಒಡೆಯುವುದು ಬೇಡವೆಂದು, ಒಳಗಿನ ಮತ್ತು ಹೊರಗಿನ ಗಾಳಿಯ ಒತ್ತಡದ ವ್ಯತ್ಯಾಸ ತೋರಿಸುವ ಮಾಪಕವೊಂದನ್ನು ಕಟ್ಟಿದೆ. ಅಗಲವಾದ ಬಾಟಲಿಯ ಬುಡಕ್ಕೆ ಪಾರದರ್ಶಕ ನಳಿಗೆ ಜೋಡಿಸಿ, ಬಣ್ಣದ ನೀರು ತುಂಬಿ, ನಳಿಗೆಯನ್ನು 10ಕ್ಕೆ 1ರ ಓರೆಯಲ್ಲಿ ಹಲಗೆಗೆ ಬಿಗಿದಿದ್ದೇನೆ. ಬಾಟಲಿಯ ಬಾಯಿಂದ ಇನ್ನೊಂದು ನಳಿಗೆ ಕಿಟಕಿಯ ಸಂದಿನಲ್ಲಿ ಹೊರಗೆ ಹೋಗುತ್ತದೆ. 1 ಮಿ.ಮೀ. ಎತ್ತರದ ನೀರೆಂದರೆ 9.8 ಪ್ಯಾಸ್ಕಲ್ ಒತ್ತಡವಾದ್ದರಿಂದ, ಈ ಓರೆಯಲ್ಲಿ ನೀರು 1 ಮಿ.ಮೀ. ಸರಿದರೆ ಹೆಚ್ಚುಕಡಿಮೆ 1 ಪ್ಯಾಸ್ಕಲ್. ಪಾತ್ರೆ ತೊಳೆಯುವ ಸೋಪಿನ ಒಂದು ಹನಿ ಬೆರೆಸಿದರೆ ನೀರು ನಳಿಗೆಗೆ ಕಚ್ಚದೆ ಸಲೀಸಾಗಿ ಸರಿಯುತ್ತದೆ.

ಫ್ಯಾನ್ ಓಡುತ್ತಿದ್ದು ಬಾಗಿಲುಗಳೆಲ್ಲ ಮುಚ್ಚಿದ್ದಾಗ ಒಳಗಿನ ಒತ್ತಡ ಹೊರಗಿಗಿಂತ 22 ಪ್ಯಾಸ್ಕಲ್ ಕಡಿಮೆ ಇತ್ತು. 2 ಚದರ ಮೀಟರಿನ ಬಾಗಿಲಿನ ಮೇಲೆ ಅದು 44 ನ್ಯೂಟನ್, ಅಂದರೆ ಸುಮಾರು ನಾಲ್ಕೂವರೆ ಕೆ.ಜಿ. ಭಾರ. ದೊಡ್ಡ ಫ್ಯಾನಿನ ಮಾತು ಅಲ್ಲಿಗೆ ನಿಂತಿತು.

ಆಗಸ್ಟ್

ಮಳೆ ಪಡುವಣದಿಂದ ಹೊಡೆಯುವುದರಿಂದ ಅಡುಗೆಮನೆಯ ಮೂಡಣ ಗೋಡೆಯಲ್ಲಿ ಕಿಂಡಿ ತೆಗೆಸಿ, ಇಳಿಜಾರು ಪಟ್ಟಿಗಳನ್ನೂ ಸೊಳ್ಳೆ ಜಾಲರಿಯನ್ನೂ ಹಾಕಿಸಿದೆವು. ಒಲೆಯ ಉರಿಗೆ ಗಾಳಿ ನೇರವಾಗಿ ಬಡಿಯದಂತೆ ಒಳಗೆ ತಗಡಿನ ಅಡ್ಡಿಯಿದೆ. ಗಾಳಿ ನುಗ್ಗುವ ದಾರಿಯ ಒಟ್ಟು ವಿಸ್ತೀರ್ಣ ಇಮ್ಮಡಿಯಾದರೆ, ಅಷ್ಟೇ ಗಾಳಿಗೆ ಬೇಕಾಗುವ ಒತ್ತಡದ ವ್ಯತ್ಯಾಸ ಕಾಲುಭಾಗಕ್ಕೆ ಇಳಿಯುತ್ತದೆ. ಕಿಂಡಿಯ ಅಳತೆಯನ್ನು ಆ ಲೆಕ್ಕದಲ್ಲೇ ನಿಗದಿ ಮಾಡಿದ್ದೆ, ಮಾಪಕ ಈಗ 6 ಪ್ಯಾಸ್ಕಲ್ ತೋರಿಸುತ್ತಿದೆ. ಬಡಿಸುವ ಕಿಂಡಿಯ ಬಳಿ ಊದುಬತ್ತಿ ಹಿಡಿದರೆ ಹೊಗೆಯೆಳೆ ಅಡುಗೆಮನೆಯತ್ತ ಬಾಗುತ್ತದೆ. ಹಾಲಿಗಿಂತ ಅಡುಗೆಮನೆಯ ಒತ್ತಡ ತುಸು ಕಡಿಮೆಯೇ ಇರಬೇಕಾದ್ದರಿಂದ ಇದು ನನಗೆ ಬಹಳ ಸಮಾಧಾನ ತಂದಿತು. ಉಗ್ರಾಣದ ಹಪ್ಪಳ ಇನ್ನೂ ಮೆತ್ತಗಾಗುತ್ತಿದೆ, ಆದರೆ ಮಲೆನಾಡಿನ ತೇವಕ್ಕೆ ಕಿಂಡಿಯೊಂದೇ ಮದ್ದಲ್ಲ.

ಉಳಿದಿರುವುದು ಹಿತ್ತಲ ಕಡೆಯ ಹಂಡೆ ಒಲೆ. ಅದರ ಚಿಮಣಿ ಹೊಗೆಯನ್ನು ಮೇಲೆಳೆಯುವ ಬಲ ಕೆಲವೇ ಪ್ಯಾಸ್ಕಲ್. ಫ್ಯಾನಿನ ಸೆಳೆತ ಅದನ್ನು ಮೀರಿದರೆ ಹೊಗೆಯೊಂದಿಗೆ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲವೂ ಒಳಗೆ ತಿರುಗುತ್ತದೆ. ಅದನ್ನು ಪರೀಕ್ಷಿಸುವವರೆಗೆ ಒಲೆ ಉರಿಯುವಾಗ ಹಿತ್ತಲ ಬಾಗಿಲು ತೆರೆದೇ ಇರಬೇಕೆಂದು ಅಡುಗೆಯವರಿಗೆ ಹೇಳಿದ್ದೇನೆ.