ಚೆಲುವರಾಯ ನಡೆಯುವ ದಾರಿ

ಮೇಲುಕೋಟೆ ಅಂದ ಕೂಡಲೇ ಎಲ್ಲರಿಗೂ ನೆನಪಾಗುವುದು ವೈರಮುಡಿ, ಸ್ವಾಮಿಗೆ ವಜ್ರದ ಕಿರೀಟ ತೊಡಿಸುವ ಉತ್ಸವ. ಫಾಲ್ಗುಣದಲ್ಲಿ ಮಂಡ್ಯದ ಖಜಾನೆಯಿಂದ ಕಿರೀಟ ಹೊರಡುತ್ತದೆ. ದಾರಿಯ ಊರುಗಳಲ್ಲೆಲ್ಲ ಪೂಜೆ ಮಾಡಿಸಿಕೊಂಡು ಬೆಟ್ಟ ಹತ್ತಿ, ರಾತ್ರಿ ಚೆಲುವನಾರಾಯಣನ ಮುಡಿಗೇರುತ್ತದೆ. ಅವತ್ತು ಊರಿಗೆ ಊರೇ ನಿದ್ದೆ ಬಿಟ್ಟು ಕೂತಿರುತ್ತದೆ. ನಾನೂ ಕೂತಿದ್ದೇನೆ, ಆ ಮುಖ ನೋಡಿ ಕಣ್ಣು ತುಂಬಿಕೊಂಡಿದ್ದೇನೆ.

ಆದರೂ ನನ್ನ ಮನಸ್ಸಿಗೆ ಜಾಸ್ತಿ ಹತ್ತಿರದ್ದು ಕಾರ್ತಿಕದ ಅಷ್ಟತೀರ್ಥೋತ್ಸವ. ಅವತ್ತು ಸ್ವಾಮಿಯ ಪಾದುಕೆ ಬೆಟ್ಟದ ಸುತ್ತ ಇರುವ ತೀರ್ಥಗಳಿಗೆ ಹೋಗುತ್ತದೆ. ವೇದ ಪುಷ್ಕರಿಣಿ, ದರ್ಭತೀರ್ಥ, ಪಲಾಶತೀರ್ಥ, ಯಾದವತೀರ್ಥ, ಪದ್ಮತೀರ್ಥ, ವೈಕುಂಠಗಂಗೆ, ಹೀಗೆ. ಹಿಂದೆ ಜನ ನಡೆಯುತ್ತಾರೆ. ಮಕ್ಕಳ ಭಾಗ್ಯ ಬೇಡಿ ಹರಕೆ ಹೊತ್ತ ದಂಪತಿಗಳು ಒಂದೊಂದು ತೀರ್ಥದಲ್ಲೂ ಮಿಂದು, ಒದ್ದೆ ಬಟ್ಟೆಯಲ್ಲೇ ಮುಂದಿನದಕ್ಕೆ ಹೆಜ್ಜೆ ಹಾಕುತ್ತಾರೆ. ಕೊನೆಗೆ ತೊಟ್ಟಿಲಮಡುವಿನಲ್ಲಿ ಜಾತ್ರೆ.

ಒಂದು ಸಲ ಒಂದು ಕೊಳದ ಮೆಟ್ಟಿಲಲ್ಲಿ ನಿಂತಿದ್ದೆ. ಮಳೆ ಸರಿಯಾಗಿ ಆಗದ ವರ್ಷ. ನೀರು ಕೆಳಗಿನ ಮೂರು ಮೆಟ್ಟಿಲಿಗೆ ಇಳಿದಿತ್ತು. ಮೊಣಕಾಲಿನಷ್ಟೂ ಇಲ್ಲ, ಮೇಲೆ ಹಸಿರು ಪಾಚಿ. ಮೂಲೆಯಲ್ಲಿ ನೀರಿನ ಬಾಟಲಿಗಳು ಒಂದಕ್ಕೊಂದು ಅಂಟಿಕೊಂಡು ತೇಲುತ್ತಿದ್ದವು. ಅರಿಶಿನ ಬಣ್ಣದ ಸೀರೆ ಉಟ್ಟ ಹುಡುಗಿಯೊಬ್ಬಳು ಇಳಿದು, ಮುಳುಗಲು ಆಗದೆ ಗಂಡನ ಮುಖ ನೋಡಿದಳು. ಅವಳ ಹಿಂದಿದ್ದ ಒಬ್ಬ ಅಜ್ಜಿ ಸೊಂಟಕ್ಕೆ ಸೆರಗು ಸಿಕ್ಕಿಸಿ ಚೊಂಬು ತಗೊಂಡರು. ಕೈಯಿಂದ ಪಾಚಿ ಸರಿಸಿ, ತಿಳಿ ನೀರು ಬರುವವರೆಗೆ ಕಾದು, ತುಂಬಿಕೊಂಡರು. "ಬಗ್ಗು ಮಗ, ನಾನು ಉಯ್ತೀನಿ. ತಲೆ ಮೇಲೆ ಬಿದ್ರೆ ಸಾಕು ಕಣವ್ವ" ಅಂದರು. ಹುಡುಗಿ ಬಗ್ಗಿದಳು. ಇಬ್ಬರ ತಲೆ ಮೇಲೂ ಹುಯ್ದರು. ಆ ಅಜ್ಜಿಯ ನಂಬಿಕೆ ದೊಡ್ಡದು. ಆದರೆ ಸ್ವಾಮಿ ಬರುವ ದಿನ ಕೊಳದಲ್ಲಿ ಮುಳುಗುವಷ್ಟು ನೀರಿಲ್ಲ ಅಂದರೆ ನನಗೆ ಹೊಟ್ಟೆ ಉರಿಯುತ್ತದೆ.

ಮೇಲುಕೋಟೆಗೆ ನದಿ ಇಲ್ಲ. ಕಾವೇರಿ ಎಲ್ಲೋ ಕೆಳಗೆ, ಶ್ರೀರಂಗಪಟ್ಟಣದ ಕಡೆ. ಇಲ್ಲಿರುವುದು ಬಂಡೆ, ಅದರ ಮೇಲೆ ಬೀಳುವ ಮಳೆ. ಹಿಂದಿನವರು ಬಂಡೆಯ ಇಳಿಜಾರು ನೋಡಿ, ನೀರು ಎಲ್ಲಿ ಬಂದು ನಿಲ್ಲುತ್ತದೋ ಅಲ್ಲೇ ಕೊಳ ಕಟ್ಟಿದರು, ಮೆಟ್ಟಿಲು ಇಟ್ಟರು. ಅಕ್ಕತಂಗಿ ಕೊಳದಲ್ಲಿ ಒಂದರ ನೀರು ಕುಡಿಯಲು ಸಿಹಿ, ಪಕ್ಕದ್ದು ಅಲ್ಲ ಅಂತ ಊರಿನವರು ಹೇಳುತ್ತಾರೆ. ಇದ್ದ ನೀರನ್ನು ಅಷ್ಟು ಸೂಕ್ಷ್ಮವಾಗಿ ನೋಡಿಕೊಂಡ ಊರು ಇದು. ಮನೆಗೆ ನಲ್ಲಿ ಬಂದ ಮೇಲೆ ಕೊಳದ ಹಂಗು ತಪ್ಪಿತು. ಹಂಗು ತಪ್ಪಿದ ಮೇಲೆ ಹೂಳು ಎತ್ತುವವರು ಯಾರು ಹೇಳಿ.

2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ದಶಪಥ ಹೆದ್ದಾರಿ ಉದ್ಘಾಟನೆಯಾಯಿತು. ಬೆಂಗಳೂರಿನವರಿಗೆ ಬೆಳಿಗ್ಗೆ ಹೊರಟು ಸಂಜೆ ಮನೆ ಸೇರುವುದು ಸುಲಭವಾಯಿತು. ಭಾನುವಾರ ಕಲ್ಯಾಣಿ ಸುತ್ತ ಕಾರು ನಿಲ್ಲಿಸಲು ಜಾಗ ಇರುವುದಿಲ್ಲ. ಭುವನೇಶ್ವರಿ ಮಂಟಪದ ಹತ್ತಿರ ಮದುವೆಗೆ ಮುಂಚಿನ ಫೋಟೋ ತೆಗೆಸಿಕೊಳ್ಳುವವರು, ರಾಯಗೋಪುರದ ನಾಲ್ಕು ಕಂಬಗಳ ಕೆಳಗೆ ಇನ್ನೊಂದಷ್ಟು ಜನ. ಹೆಂಚಿನ ಮನೆಗಳ ಜಾಗದಲ್ಲಿ ಬಾಡಿಗೆ ಕೋಣೆಗಳು ಏಳುತ್ತಿವೆ. ಪುಳಿಯೋಗರೆ, ಸಕ್ಕರೆ ಪೊಂಗಲ್ ಮಾರುವವರ ಮನೆಯಲ್ಲಿ ಒಲೆ ಚೆನ್ನಾಗಿ ಉರಿಯುತ್ತಿದೆ. ಅದು ನನಗೆ ಸಂತೋಷದ ವಿಷಯವೇ.

ಬಂದವರನ್ನು ದೂರುವ ಹಕ್ಕು ಈ ಊರಿಗೆ ಇಲ್ಲ ಅಂತ ನಾನು ನಂಬಿದ್ದೇನೆ. ರಾಮಾನುಜರೇ ತಮಿಳುನಾಡಿನಿಂದ ಬಂದವರು. ಉತ್ಸವಮೂರ್ತಿ ಚೆಲುವಪಿಳ್ಳೆಯನ್ನು ಅವರು ದೆಹಲಿಯಿಂದ ಕರೆತಂದರು, ಹಿಂದೆಯೇ ಆ ಮೂರ್ತಿಯನ್ನು ಬಿಟ್ಟಿರಲಾರದ ಸುಲ್ತಾನನ ಮಗಳು ಬೀಬಿ ನಾಚಿಯಾರ್ ಬಂದಳು ಅಂತ ಪ್ರತೀತಿ. ಬಂದವರನ್ನೆಲ್ಲ ಒಳಗೆ ಕರೆದು ಕೂರಿಸಿದ ಊರು ಇದು.

ನನ್ನ ಸಂಕಟ ಬೇರೆ. ಊರು ಬೆಳೆಸುವ ಮಾತು ಬಂದಾಗಲೆಲ್ಲ ಕಲ್ಯಾಣಿ, ಬೆಟ್ಟದ ಯೋಗಾನರಸಿಂಹ, ರಾಯಗೋಪುರ, ಪಾರ್ಕಿಂಗ್, ಇಷ್ಟಕ್ಕೇ ಮಾತು ಮುಗಿಯುತ್ತದೆ. ಸ್ವಾಮಿ ಓಡಾಡುವ ಊರು ಅದಕ್ಕಿಂತ ದೊಡ್ಡದು ಅಲ್ವಾ? ಅಷ್ಟತೀರ್ಥದ ದಾರಿ ಸುತ್ತಿದರೆ ಮೇಲುಕೋಟೆಯ ಎಲ್ಲೆ ಎಲ್ಲಿದೆ ಅಂತ ಗೊತ್ತಾಗುತ್ತದೆ. ದೇವರೇ ವರ್ಷಕ್ಕೊಮ್ಮೆ ಖುದ್ದಾಗಿ ಹೋಗಿ ಒಂದೊಂದು ಕೊಳವನ್ನೂ ನೋಡಿ ಬರುವ ಪದ್ಧತಿ ಇಟ್ಟಿದ್ದಾರೆ. ನೀರಿದೆಯಾ, ಮೆಟ್ಟಿಲು ಗಟ್ಟಿಯಿದೆಯಾ, ದಾರಿ ತೆರೆದಿದೆಯಾ ಅಂತ ಅವನ ನೆಪದಲ್ಲಿ ಊರೂ ನೋಡುತ್ತಿತ್ತು.

ರಸ್ತೆ ಅಗಲ ಮಾಡಲಿ. ಆದರೆ ಬಂಡೆಯಿಂದ ಕೊಳಕ್ಕೆ ನೀರು ಹರಿಯುವ ಕಾಲುವೆ ಮೇಲೆ ಮಣ್ಣು ಸುರಿಯಬಾರದು. ಹೊಸ ಕೋಣೆಗಳ ಶೌಚದ ಗುಂಡಿ ಕೊಳದ ಮೇಲಿನ ಇಳಿಜಾರಿನಲ್ಲಿ ಬರಬಾರದು. ಕಾರುಗಳು ಊರ ಹೊರಗೇ ನಿಲ್ಲಲಿ, ವಯಸ್ಸಾದವರಿಗೆ ಸಣ್ಣ ಗಾಡಿ ಇರಲಿ. ಮುಂಗಾರಿಗೆ ಮುಂಚೆ ಹೂಳು ತೆಗೆಯಲಿ. ಸುತ್ತಲ ಕುರುಚಲು ಕಾಡನ್ನು ತೋಳಗಳು ಉಳಿಯಲಿ ಅಂತ 1974ರಲ್ಲೇ ವನ್ಯಜೀವಿಧಾಮ ಮಾಡಿದ್ದಾರೆ. ಆ ಕಾಡು ನಿಂತರೆ ಮಣ್ಣು ಕೊಚ್ಚಿ ಬಂದು ಕೊಳ ತುಂಬುವುದೂ ಕಮ್ಮಿಯಾಗುತ್ತದೆ. ಇದೆಲ್ಲ ನನಗೆ ಪೂಜೆಯಿಂದ ಬೇರೆ ಅಂತ ಅನ್ನಿಸುವುದೇ ಇಲ್ಲ.

ಈ ಕಾರ್ತಿಕಕ್ಕೆ ಬರುವವರಿದ್ದರೆ ಹಿಂದಿನ ದಿನವೇ ಬಂದು ಉಳಿಯಿರಿ. ಕಲ್ಲು ಮುಳ್ಳಿನ ದಾರಿ, ನಿಧಾನ ನಡೆಯಬೇಕು. ಒಂದು ಜೊತೆ ಒಣ ಬಟ್ಟೆ, ಒಂದು ಚೊಂಬು ಸಾಕು. ಬಾಟಲಿ ತಂದರೆ ವಾಪಸ್ ತಗೊಂಡು ಹೋಗಿ. ಕೊಳಕ್ಕೆ ಕಾಸು ಎಸೆಯುವ ಆಸೆಯಾದರೆ, ಅದನ್ನು ದಾರಿಯಲ್ಲಿ ಹೂವು ಮಾರುವ ಅಮ್ಮನ ಕೈಗೆ ಕೊಟ್ಟು ಒಂದು ಮೊಳ ತುಳಸಿ ಮಾಲೆ ತಗೊಳ್ಳಿ.