ರೋಗಿಯನ್ನು ಮುಟ್ಟಲೇ ಇಲ್ಲ, ಮತ್ತೆ ಕೈ ಯಾಕೆ ತೊಳೀಬೇಕು?

ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಸೋಂಕು ಹರಡದಂತೆ ನೋಡಿಕೊಳ್ಳುವ ನರ್ಸ್ ನಾನು. ರೋಗಿಯನ್ನು ನೋಡಿ ಹೊರಟವರಿಗೆ ಕೈ ತೊಳೆದುಕೊಳ್ಳಿ ಅಂದರೆ ಎಲ್ಲರೂ ಕೇಳುವುದು ಒಂದೇ: “ಸಿಸ್ಟರ್, ನಾನು ಅವರನ್ನ ಮುಟ್ಟೇ ಇಲ್ವಲ್ಲ?”

ಮುಟ್ಟಿಲ್ಲ, ನಿಜ. ಆದರೆ ಮಂಚದ ಕಂಬಿ ಹಿಡಿದುಕೊಂಡೇ ಮಾತಾಡಿದಿರಿ. ಎಳನೀರು ಇಡಲು ಲಾಕರ್ ಮೇಲಿನ ಸಾಮಾನು ಸರಿಸಿದಿರಿ. ಗ್ಲೂಕೋಸ್ ಸ್ಟ್ಯಾಂಡನ್ನು ಪಕ್ಕಕ್ಕೆ ತಳ್ಳಿದಿರಿ. ಅಷ್ಟು ಸಾಕು.

ರೋಗಾಣು ರೋಗಿಯ ಮೈಮೇಲೇ ಕೂತಿರುವುದಿಲ್ಲ. ಎಲ್ಲರ ಚರ್ಮದಿಂದಲೂ ಕಣ್ಣಿಗೆ ಕಾಣದ ಹೊಟ್ಟು ಸದಾ ಉದುರುತ್ತದೆ. ಅದರ ಜೊತೆ ಬ್ಯಾಕ್ಟೀರಿಯಾ ಹಾಸಿಗೆ, ಹೊದಿಕೆ ಸೇರುತ್ತವೆ. ಹೊದಿಕೆ ಕೊಡವಿದರೆ ಸುತ್ತಲೂ ಹರಡುತ್ತವೆ. ಕೆಮ್ಮಿದ ಹನಿ ಊಟದ ಟೇಬಲ್ ಮೇಲೆ ಬೀಳುತ್ತದೆ. ಭೇದಿ ಆಗುತ್ತಿರುವವರ ಕೈಯಿಂದ ರೋಗಾಣು ನಲ್ಲಿಗೆ, ಬಾಗಿಲ ಹಿಡಿಕೆಗೆ, ಕರೆಗಂಟೆಯ ಗುಂಡಿಗೆ ದಾಟುತ್ತದೆ.

ಒಣಗಿದರೆ ಸಾಯುತ್ತವೆ ಅಂದುಕೊಳ್ಳುತ್ತೇವೆ, ಅಲ್ವಾ? ಆಸ್ಪತ್ರೆಗಳಲ್ಲಿ ಸೋಂಕು ತರುವ ಎಂಆರ್‌ಎಸ್‌ಎ, ಅಸಿನೆಟೋಬ್ಯಾಕ್ಟರ್‌ನಂಥ ಬ್ಯಾಕ್ಟೀರಿಯಾ ಒಣ ಕಂಬಿಯ ಮೇಲೂ ವಾರಗಟ್ಟಲೆ, ಕೆಲವು ಸಲ ತಿಂಗಳುಗಟ್ಟಲೆ ಬದುಕುತ್ತವೆ. ಸರಿಯಾಗಿ ಒರೆಸದಿದ್ದರೆ ಹಿಂದಿನ ರೋಗಿಯ ಸೋಂಕು ಅದೇ ಮಂಚಕ್ಕೆ ಬಂದ ಹೊಸಬರಿಗೂ ತಗಲಬಹುದು.

“ನೆಲ ಫಳಫಳ ಅಂತಿದೆಯಲ್ಲ” ಅನ್ನುತ್ತಾರೆ. ನನಗೆ ನೆಲಕ್ಕಿಂತ ಕೈ ತಗಲುವ ಜಾಗಗಳದ್ದೇ ಚಿಂತೆ. ನಾವು ಒಂದು ಪರೀಕ್ಷೆ ಮಾಡುತ್ತೇವೆ. ಒಣಗಿದ ಮೇಲೆ ಕಾಣಿಸದ ಜೆಲ್ಲನ್ನು ಕಂಬಿಯ ಒಳಬದಿಗೆ, ಕರೆಗಂಟೆಗೆ, ಸ್ವಿಚ್ಚಿಗೆ ಒಂದೊಂದು ಚುಕ್ಕೆ ಹಚ್ಚಿರುತ್ತೇವೆ. ಕೋಣೆ ಕ್ಲೀನ್ ಆದ ಮೇಲೆ ನೇರಳಾತೀತ ಟಾರ್ಚ್ ಬಿಟ್ಟು ನೋಡುತ್ತೇವೆ. ಬಟ್ಟೆ ತಾಗದ ಕಡೆ ಚುಕ್ಕೆ ಹಾಗೇ ಹೊಳೆಯುತ್ತದೆ. ಅದಕ್ಕೆ ಆಯಾಗಳನ್ನು ಬೈಯುವುದು ತಪ್ಪು. ಒರೆಸುವಾಗ ರೋಗಾಣು ಕೊಲ್ಲುವ ಔಷಧಿ ಹಚ್ಚಿದ ಜಾಗ ಅದರ ಡಬ್ಬಿಯ ಮೇಲೆ ಬರೆದಷ್ಟು ನಿಮಿಷ ಒದ್ದೆಯಾಗೇ ಇರಬೇಕು. ಮುಂದಿನ ರೋಗಿ ಸ್ಟ್ರೆಚರ್ ಮೇಲೆ ಕಾಯುತ್ತಿರುವಾಗ ಅವರಿಗೆ ಅಷ್ಟು ಹೊತ್ತು ಕೊಡುವವರು ಯಾರು? ಆ ಸಮಯ ಕೊಡಿಸುವುದು ಆಸ್ಪತ್ರೆ ನಡೆಸುವವರ ಕೆಲಸ.

ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ನಮ್ಮಂಥ ಸಿಬ್ಬಂದಿಗೆ ಕೈ ಸ್ವಚ್ಛ ಮಾಡಿಕೊಳ್ಳಬೇಕಾದ ಐದು ಸಂದರ್ಭ ಹೇಳಿತು. ಐದನೆಯದು ಇದೇ: ರೋಗಿಯನ್ನು ಮುಟ್ಟದಿದ್ದರೂ ಸುತ್ತಲಿನ ವಸ್ತು ಮುಟ್ಟಿದ ಮೇಲೆ. ನೋಡಲು ಬಂದವರಿಗೂ ಇದನ್ನೇ ಹೇಳುತ್ತೇನೆ. ಸಾಮಾನ್ಯವಾಗಿ ಸ್ಯಾನಿಟೈಸರ್ ಸಾಕು. ಭೇದಿ ಇರುವ ಕೋಣೆಯಾದರೆ ಸೋಪು ನೀರೇ ಬೇಕು. ಭೇದಿ ತರುವ ಸಿ. ಡಿಫಿಸಿಲ್ ಬ್ಯಾಕ್ಟೀರಿಯಾದ ಗಟ್ಟಿ ಬೀಜಕಣಗಳನ್ನು ಸ್ಯಾನಿಟೈಸರ್ ಕೊಲ್ಲುವುದಿಲ್ಲ.

ಮೊಬೈಲನ್ನು ಮಾತ್ರ ಹಾಸಿಗೆ ಮೇಲೆ ಇಡಬೇಡಿ. ಕೈ ತೊಳೆದು ಅದನ್ನೇ ಹಿಡಿದರೆ ತೊಳೆದಿದ್ದು ದಂಡ.